ನೇತ್ರಾಣಿಯಲ್ಲಿ ಗಾಳಿ ಇಲ್ಲದ ದಿನವೂ ನೀರಿನೊಳಗೆ ಸೆಳೆತ ಯಾಕೆ ಇರುತ್ತದೆ?

ಡಿಸೆಂಬರಿನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮಾಡಲು ಹೋಗಿದ್ದಿರಿ, ಸಮುದ್ರ ತಟ್ಟೆಯ ಹಾಗೆ ಇತ್ತು, ಕೆಳಗೆ ಇಳಿದ ಕೂಡಲೇ ನೀರು ಒಂದೇ ಕಡೆಗೆ ಎಳೆಯಿತು. ಅದು ಎಲ್ಲಿಂದ ಬರುತ್ತದೆ, ಯಾವಾಗ ಹೋದರೆ ಕಡಿಮೆ ಅಂತ ಕೇಳಿದ್ದೀರಿ. ನಾನು ಹೊನ್ನಾವರದ ಮೀನುಗಾರರ ಮನೆಯವನು, ನೇತ್ರಾಣಿಯಲ್ಲಿ ಕೆಲವು ವರ್ಷಗಳಿಂದ ನೀರಿಗೆ ಇಳಿಯುತ್ತಿದ್ದೇನೆ. ನನಗೂ ಮೊದಲ ಸಲ ಇದೇ ಆಶ್ಚರ್ಯ ಆಗಿತ್ತು.

ನೀರು ಯಾವ ಕಡೆಗೆ ಎಳೆಯಿತು ಅಂತ ನೆನಪಿದೆಯಾ? ಉತ್ತರಕ್ಕೆ, ಅಂದರೆ ಕಾರವಾರದ ಕಡೆಗೆ ಆಗಿದ್ದರೆ, ಆ ಸೆಳೆತದ ಮೂಲ ಬರೀ ನಮ್ಮ ಅರಬ್ಬಿ ಸಮುದ್ರದಲ್ಲಿಲ್ಲ. ಅದರ ಒಂದು ದೊಡ್ಡ ಪಾಲು ಬಂಗಾಳ ಕೊಲ್ಲಿಯ ಕಡೆಯಿಂದ ಬಂದದ್ದು.

ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಕರಾವಳಿಯ ಉದ್ದಕ್ಕೂ ನೀರು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಆ ತಿಂಗಳುಗಳಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಉತ್ತರದ ಕಡೆಯಿಂದ ಬೀಸುತ್ತದೆ. ಅಂದರೆ ನೀರು ಗಾಳಿಗೆ ಎದುರಾಗಿ ಹೋಗುತ್ತಿದೆ! ಕಾರಣ ಆಚೆ ದಡದಲ್ಲಿದೆ. ಚಳಿಗಾಲದ ಈಶಾನ್ಯ ಗಾಳಿ ಆಂಧ್ರ, ತಮಿಳುನಾಡಿನ ಕರಾವಳಿಯ ಉದ್ದಕ್ಕೆ ಬೀಸುತ್ತದೆ. ಭೂಮಿ ತಿರುಗುವುದರಿಂದ, ನಮ್ಮ ಉತ್ತರ ಗೋಳಾರ್ಧದಲ್ಲಿ ಗಾಳಿ ದೂಡಿದ ನೀರು ಬಲಕ್ಕೆ ವಾಲುತ್ತದೆ. ಹಾಗಾಗಿ ಅಲ್ಲಿ ನೀರು ದಡಕ್ಕೆ ಒತ್ತಿಕೊಂಡು ಸ್ವಲ್ಪ ಏರುತ್ತದೆ. ಆ ಏರು ನಿಂತಲ್ಲೇ ನಿಲ್ಲುವುದಿಲ್ಲ. ದಡವನ್ನು ಬಲಗೈಗೆ ಇಟ್ಟುಕೊಂಡು, ಶ್ರೀಲಂಕಾವನ್ನು ಸುತ್ತಿ, ಕೇರಳ ದಾಟಿ, ನಮ್ಮ ಕಡೆಗೆ ಬರುತ್ತದೆ. ಇದಕ್ಕೆ ಕೆಲ್ವಿನ್ ಅಲೆ ಎನ್ನುತ್ತಾರೆ. ಕಣ್ಣಿಗೆ ಕಾಣುವ ಅಲೆ ಅಲ್ಲ, ತುಂಬಾ ಉದ್ದದ ತೆಳುವಾದ ಉಬ್ಬು. ಅದರ ಜೊತೆಗೆ ಹರಿವೂ ಬರುತ್ತದೆ, ನದಿಗಳು ಬೆರೆತು ಉಪ್ಪು ಕಡಿಮೆಯಾದ ಬಂಗಾಳ ಕೊಲ್ಲಿಯ ನೀರೂ ಬರುತ್ತದೆ. ಇದು ತಿಳಿದ ದಿನ ನಾನು ಅಪ್ಪನಿಗೆ ಹೇಳಿದೆ. ಅವರಿಗೆ ಅಷ್ಟೇನೂ ಹೊಸದು ಅನಿಸಲಿಲ್ಲ. "ಚಳಿಯಲ್ಲಿ ರಾತ್ರಿ ಬಿಟ್ಟ ಬಲೆ ಬೆಳಗ್ಗೆ ಬಡಗಕ್ಕೇ ಹೋಗಿರ್ತದಲ್ಲ" ಅಂದರು.

ಮಳೆಗಾಲದಲ್ಲಿ ಇದು ಪೂರ್ತಿ ತಿರುಗುತ್ತದೆ. ಆಗ ಹರಿವು ದಕ್ಷಿಣಕ್ಕೆ. ದಡದ ಹತ್ತಿರ ಆಳದ ತಣ್ಣನೆಯ ನೀರು ಮೇಲೇಳುತ್ತದೆ, ಬೂತಾಯಿ, ಬಂಗಡೆಗೆ ಮೇವು ಸಿಗುವುದು ಅದರಿಂದಲೇ. ಡೈವಿಂಗ್ ಆ ತಿಂಗಳುಗಳಲ್ಲಿ ನಿಂತೇ ಹೋಗಿರುತ್ತದೆ.

ಇನ್ನು ದಿನದಿನದ ಲೆಕ್ಕ ಭರತ ಇಳಿತದ್ದು. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೆಚ್ಚುಕಡಿಮೆ ಪ್ರತಿ ಆರು ಗಂಟೆಗೆ ಹರಿವಿನ ದಿಕ್ಕು ಬದಲಾಗುತ್ತದೆ, ನಡುವೆ ಸ್ವಲ್ಪ ಹೊತ್ತು ನೀರು ನಿಂತ ಹಾಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜಾಸ್ತಿ, ಅಷ್ಟಮಿಯ ಹೊತ್ತಿಗೆ ಕಡಿಮೆ. ಭರತದ ಹರಿವೂ ಋತುವಿನ ಹರಿವೂ ಒಂದೇ ದಿಕ್ಕಿಗೆ ಸೇರಿದ ಹೊತ್ತಿನಲ್ಲಿ ನೀವು ಇಳಿದಿದ್ದರೆ, ಅಷ್ಟು ಎಳೆದದ್ದು ಸಹಜ.

ನೇತ್ರಾಣಿಯ ಆಕಾರವೂ ಇದಕ್ಕೆ ಸೇರುತ್ತದೆ. ಬಯಲು ಸಮುದ್ರದಲ್ಲಿ ನಿಧಾನವಾಗಿ ಬರುವ ನೀರಿಗೆ ಗುಡ್ಡ ಅಡ್ಡ ಸಿಗುತ್ತದೆ. ಅದು ಎರಡು ಕಡೆಗೆ ಸೀಳಿ, ಮೂಲೆಗಳಲ್ಲಿ ಜೋರಾಗುತ್ತದೆ. ಹಿಂಬದಿಯಲ್ಲಿ ಶಾಂತ, ಇಲ್ಲವೇ ಸುಳಿ. ಒಂದು ಸಲ ನಾನು ಬಂಡೆಯ ಮರೆಯಲ್ಲಿ ಮೀನು ನೋಡುತ್ತಾ ಮೂಲೆ ದಾಟಿಬಿಟ್ಟೆ. ಎಷ್ಟು ಕಾಲು ಬಡಿದರೂ ಅದೇ ಬಂಡೆ ಕಣ್ಣ ಮುಂದೆ! ಗಾಳಿಯ ಸಿಲಿಂಡರ್ ಮಾತ್ರ ಬೇಗ ಬೇಗ ಖಾಲಿಯಾಯಿತು. ಆಗ ನಿಜಕ್ಕೂ ಹೆದರಿದ್ದೆ. ನೀರಿನ ವೇಗ ಎರಡು ಪಟ್ಟಾದರೆ ಮೈಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ ಎರಡು ಕಿಲೋಮೀಟರ್ ಅಂದರೆ ದಡದಲ್ಲಿ ಆರಾಮಾಗಿ ನಡೆಯುವುದಕ್ಕಿಂತ ಕಡಿಮೆ, ಅಲ್ವಾ? ನೀರಿನೊಳಗೆ ಅದಕ್ಕೆ ಎದುರಾಗಿ ತುಂಬಾ ಹೊತ್ತು ಈಜಲು ಹೆಚ್ಚಿನವರಿಗೆ ಆಗುವುದಿಲ್ಲ.

ಹಿಂದಕ್ಕೆ ಮುಂದಕ್ಕೆ ತೂಗಿದ ಹಾಗೆ ಅನಿಸಿದ್ದರೆ ಅದು ಸೆಳೆತ ಅಲ್ಲ, ಮೇಲಿನ ಅಲೆಯದ್ದು. ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ.

ಮುಂದಿನ ಸಲ ಇಳಿಯುವ ಮೊದಲು ಲಂಗರಿನ ಹಗ್ಗ ನೋಡಿ. ನೇರ ಕೆಳಗಿದ್ದರೆ ಸೆಳೆತ ಕಡಿಮೆ, ಓರೆಯಾಗಿ ಬಿಗಿದಿದ್ದರೆ ಹುಷಾರು. ಗಾಳಿ ಇಲ್ಲದ ದಿನ ಈ ಗುರುತನ್ನು ಧಾರಾಳವಾಗಿ ನಂಬಬಹುದು. ನಮ್ಮ ಬೋಟು ನಡೆಸುವ ತಾಂಡೇಲರು ಮೊದಲು ನೋಡುವುದು ಅದನ್ನೇ. ಹಗ್ಗ ಹಿಡಿದೇ ಇಳಿಯಿರಿ. ಮೊದಲ ಅರ್ಧ ಹರಿವಿಗೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ವಾಪಸು ಬರುವಾಗ ನೀರೇ ತರುತ್ತದೆ. ತಳದ ಬಂಡೆಗೆ ತಾಗಿದ ನೀರು ನಿಧಾನವಾಗಿರುತ್ತದೆ, ಹಾಗಾಗಿ ಆದಷ್ಟು ಬಂಡೆಗೆ ಹತ್ತಿರವೇ ಇರಿ, ಹವಳ ಮುಟ್ಟಬೇಡಿ.

ತಿಂಗಳು ಕೇಳಿದಿರಲ್ಲ, ಫೆಬ್ರವರಿ ಕೊನೆಗೆ ಉತ್ತರಕ್ಕೆ ಹೋಗುವ ಆ ಹರಿವು ಸೋಲುತ್ತದೆ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಿನ ಅಷ್ಟಮಿಯ ಹತ್ತಿರದ ದಿನ ನೋಡಿ, ಮಧ್ಯಾಹ್ನದ ಗಾಳಿ ಏಳುವ ಮೊದಲು, ಬೆಳಗ್ಗೆ ಮೊದಲ ಬೋಟಿಗೇ ಹೋಗಿ.