ಚೀಟಿ ಇದೆ, ಸರಿ. ಸ್ಟೇರಿಂಗ್ ಹಿಡಿಯಬಹುದಾ?

ಓದುಗರ ಪತ್ರ: ಹದಿನೆಂಟು ವರ್ಷದಿಂದ ಸರಕು ಲಾರಿ ಓಡಿಸುತ್ತಿದ್ದೇನೆ. ಕುಡಿಯುವ ಚಟ ಇಲ್ಲ. ಅಲರ್ಜಿಗೆ, ನಿದ್ದೆಗೆ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮ್ಯಾನೇಜರಿಗೆ ಚೀಟಿ ತೋರಿಸಿದರೂ ಮೂರು ದಿನ ಗಾಡಿ ಕೊಡಲಿಲ್ಲ. ಡಾಕ್ಟರು ಕೊಟ್ಟ ಔಷಧ ತಗೊಳ್ಳೋದೂ ತಪ್ಪಾ? ಆ ಮೂರು ದಿನದ ಸಂಬಳ ಯಾರು ಕೊಡ್ತಾರೆ?

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಮುಚ್ಚಿಡದೆ ಚೀಟಿ ತೋರಿಸಿದ್ದಕ್ಕೇ ಮನೆಗೆ ಕಳಿಸಿದರು ಅಂದರೆ ಯಾರಿಗಾದರೂ ಉರಿಯುತ್ತದೆ. ನೀವು ತಪ್ಪು ಮಾಡಿಲ್ಲ. ಆದರೆ ಮ್ಯಾನೇಜರಿಗೆ ಬೇಕಿದ್ದ ಉತ್ತರ ಆ ಚೀಟಿಯಲ್ಲಿ ಇರಲಿಲ್ಲ. ಈ ಕಾಯಿಲೆಗೆ ಈ ಮಾತ್ರೆ ನುಂಗಿ ಅಂತ ಮಾತ್ರ ಅದು ಹೇಳುತ್ತದೆ. ನುಂಗಿ ಲೋಡ್ ಗಾಡಿ ಓಡಿಸಬಹುದಾ ಅನ್ನೋದು ಬೇರೆಯೇ ಪ್ರಶ್ನೆ. ಅಂದಹಾಗೆ, ಲಾರಿ ಓಡಿಸೋದು ನಿಮ್ಮ ಕೆಲಸ ಅಂತ ಡಾಕ್ಟರಿಗೆ ಹೇಳಿದ್ದಿರಾ? ಪತ್ರದಲ್ಲಿ ಆ ಮಾತೇ ಇಲ್ಲ.

ಮಾತ್ರೆ ಬೇಕಾ, ನುಂಗಿ ಓಡಿಸಬಹುದಾ ಅನ್ನುವ ಈ ಎರಡು ಪ್ರಶ್ನೆಗಳನ್ನು ಅಮೆರಿಕದ ನಿಯಮ ಚೆನ್ನಾಗಿ ಬಿಡಿಸಿಟ್ಟಿದೆ. ಅಲ್ಲಿ ಚಟ ಹಿಡಿಸುವಂಥ ಔಷಧ ತಗೊಳ್ಳುವ ಲಾರಿ ಚಾಲಕನಿಗೆ ಬರೀ ಚೀಟಿ ಸಾಲದು. ಬರೆದುಕೊಟ್ಟ ವೈದ್ಯರಿಗೆ ಅವನ ಆರೋಗ್ಯದ ಹಿನ್ನೆಲೆ ಗೊತ್ತಿರಬೇಕು. ಇದರಿಂದ ಗಾಡಿ ಓಡಿಸೋದಕ್ಕೆ ತೊಂದರೆ ಇಲ್ಲ ಅಂತ ಅವರೇ ಹೇಳಿರಬೇಕು. ಚಾಲಕರು ನಶೆಯ ಔಷಧ ತಗೊಂಡಿದ್ದಾರಾ ಅಂತ ನೋಡುವ ಮೂತ್ರ ಪರೀಕ್ಷೆಯಲ್ಲೂ ಹಾಗೇ. ನೋವಿಗೆ, ಕೆಮ್ಮಿಗೆ ಕೊಡುವ ಕೊಡೀನ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಪರಿಶೀಲಿಸುವ ವೈದ್ಯರು ಚಾಲಕನಿಗೇ ಫೋನ್ ಮಾಡಿ ವಿಚಾರಿಸುತ್ತಾರೆ. ಚೀಟಿ ನಿಜವಾದರೆ ಫಲಿತಾಂಶ ‘ನೆಗೆಟಿವ್’ ಅಂತಲೇ ಹೋಗುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಆ ಔಷಧ ರಸ್ತೆಯಲ್ಲಿ ಅಪಾಯ ಅಂತ ಅವರಿಗೆ ಅನ್ನಿಸಿದರೆ, ಚಾಲಕನ ಸ್ವಂತ ಡಾಕ್ಟರು ಮಾತಾಡಲಿ ಅಂತ 5 ಕೆಲಸದ ದಿನ ಕೊಟ್ಟು, ಆಮೇಲೆ ಕಂಪನಿಗೆ ತಿಳಿಸುತ್ತಾರೆ. ಪರೀಕ್ಷೆ ಪಾಸಾದವನೂ ಗಾಡಿ ಇಳಿಯಬೇಕಾಗಬಹುದು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2015ರ ಮಾರ್ಚ್‌ನಿಂದ ಕೆಲವು ಔಷಧಗಳಿಗೆ ರಕ್ತದಲ್ಲಿ ಇಷ್ಟೇ ಇರಬೇಕು ಅನ್ನುವ ಮಿತಿ ಇದೆ. ಡಾಕ್ಟರು ಹೇಳಿದಂತೆಯೇ ತಗೊಂಡವರಿಗೆ ಅಲ್ಲಿ ಕಾನೂನಿನ ರಕ್ಷಣೆ ಉಂಟು. ಆದರೆ ಕೈಕಾಲು ಹಿಡಿತದಲ್ಲಿಲ್ಲದೆ ಓಡಿಸಿದ್ದು ಗೊತ್ತಾದರೆ ಆ ರಕ್ಷಣೆ ಕೆಲಸಕ್ಕೆ ಬರುವುದಿಲ್ಲ.

ನಿಮ್ಮ ಮಾತ್ರೆಗಳ ವಿಷಯಕ್ಕೆ ಬರೋಣ. ಅಲರ್ಜಿ ಮಾತ್ರೆ ಅಂದರೆ ಎಲ್ಲ ಒಂದೇ ಅಲ್ಲ. ಮೈಯಲ್ಲಿ ತುರಿಕೆ, ಸೀನು ಎಬ್ಬಿಸುವ ಹಿಸ್ಟಮಿನ್ ಅನ್ನುವ ರಾಸಾಯನಿಕ ಮಿದುಳಿನಲ್ಲಿ ನಮ್ಮನ್ನು ಎಚ್ಚರ ಇಡುವ ಕೆಲಸವನ್ನೂ ಮಾಡುತ್ತದೆ. ಕ್ಲೋರ್‌ಫೆನಿರಮಿನ್‌ನಂಥ ಹಳೇ ಔಷಧಗಳು ಸೀದಾ ಮಿದುಳಿಗೆ ಹೋಗಿ ಅಲ್ಲೂ ಅದನ್ನು ತಡೆಯುತ್ತವೆ. ಅದಕ್ಕೇ ಜೋಂಪು. ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಇರೋದು ಇದೇ. ಹೊಸ ಮಾತ್ರೆಗಳಲ್ಲಿ ಸೆಟಿರಿಜಿನ್ ಕೆಲವರಿಗೆ ಮಾತ್ರ ಮಂಪರು ತರುತ್ತದೆ. ಫೆಕ್ಸೊಫೆನಡಿನ್‌ನಲ್ಲಿ ಆ ಕಾಟ ತೀರಾ ಕಡಿಮೆ. ಅಂದರೆ ನಿಮ್ಮ ಮೂಗಿಗೆ ಬೇರೆ ದಾರಿ ಇರಬಹುದು. ಕೇಳಬೇಕು ಅಷ್ಟೇ.

ಈ ಜೋಂಪಿನ ರುಚಿ ನನಗೂ ಗೊತ್ತು. ಒಮ್ಮೆ ನೆಗಡಿ ಅಂತ ಒಂದು ಮಾತ್ರೆ ನುಂಗಿ ಕರಡು ತಿದ್ದಲು ಕೂತಿದ್ದೆ. ನಿದ್ದೆ ಬಂತು ಅಂತ ನನಗೆ ಅನ್ನಿಸಲೇ ಇಲ್ಲ. ಚೆನ್ನಾಗಿಯೇ ಇದ್ದೀನಿ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಒಂದು ಅಲ್ಪವಿರಾಮದಿಂದ ಹೊರಟ ಕೆಂಪು ಗೆರೆ ಐದು ಸಾಲು ದಾಟಿ ಹಾಳೆಯ ಅಂಚಿಗೆ ಇಳಿದಿತ್ತು. ನನ್ನ ಕೈಯಲ್ಲಿ ಇದ್ದದ್ದು ಪೆನ್ನು. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 66 ಮೀಟರ್.

ನಿದ್ದೆ ಮಾತ್ರೆಯದು ಇನ್ನೊಂದು ತೊಡಕು. ರಾತ್ರಿ ತಗೊಂಡಿದ್ದು ಬೆಳಗ್ಗೆಗೆ ಇಳಿದಿರುತ್ತದೆ ಅಂತ ನಾವು ಅಂದುಕೊಳ್ತೀವಿ, ಅಲ್ವಾ? ಜೋಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಮಹಿಳೆಯರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿ ಅಂದಿತು. ಬೆಳಗ್ಗೆ ಗಾಡಿ ಓಡಿಸುವ ಹೊತ್ತಿಗೂ ಅದು ರಕ್ತದಲ್ಲಿ ಜಾಸ್ತಿ ಉಳಿದಿರುತ್ತಿತ್ತು. ಪೂರ್ತಿ ಎಚ್ಚರ ಆಗಿದ್ದೀನಿ ಅನ್ನಿಸಿದವರಲ್ಲೂ ಚುರುಕು ಕಮ್ಮಿ ಇರಬಹುದು ಅಂತ ಆಗಲೇ ಎಚ್ಚರಿಸಿದ್ದರು. ನಿದ್ದೆ ಬರಿಸುವ ಇನ್ನೊಂದು ಮಾತ್ರೆ ಡಯಜೆಪಾಮ್ ಆದರೆ ದಿನಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಮೂರು ದಿನ ಗಾಡಿ ಕೊಡದ ನಿಮ್ಮ ಮ್ಯಾನೇಜರ್ ಲೆಕ್ಕ ಹಾಕಿಯೇ ಹಾಗೆ ಮಾಡಿದರೋ, ಸುಮ್ನೆ ಹೆದರಿಕೊಂಡು ಮಾಡಿದರೋ, ತಿಳಿಯದು. ಆದರೆ ಪೂರಾ ಅರ್ಥವಿಲ್ಲದ ಕೆಲಸ ಅಂತ ನಾನು ಹೇಳಲಾರೆ.

ಮಾಲೀಕರಿಗೂ ಒಂದು ಮಾತು ಹೇಳಬೇಕು. ಮಾತ್ರೆ ಅಂದ ಕೂಡಲೇ ಮನೆಗೆ ಕಳಿಸಿದರೆ ಚಾಲಕರು ಮುಂದಿನ ಸಲ ಬಾಯೇ ಬಿಡುವುದಿಲ್ಲ. ಇಲ್ಲವೇ ಬಿಪಿ ಮಾತ್ರೆ, ಮೂರ್ಛೆ ಮಾತ್ರೆ ಬಿಟ್ಟೇಬಿಡುತ್ತಾರೆ. ಅದು ಮಂಪರಿಗಿಂತ ಜಾಸ್ತಿ ಅಪಾಯ ಆಗಬಹುದು. ಸಕ್ಕರೆ ಕಾಯಿಲೆಯನ್ನೇ ನೋಡಿ. ಮೆಟ್‌ಫಾರ್ಮಿನ್ ಒಂದೇ ತಗೊಂಡರೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಇನ್ಸುಲಿನ್‌ನಲ್ಲಿ ಆ ಭಯ ಇದೆ, ಊಟ ತಪ್ಪಿದ ದಿನವಂತೂ ಇನ್ನೂ ಜಾಸ್ತಿ. ಹಾಗಂತ ಇನ್ಸುಲಿನ್ ತಗೊಳ್ಳುವವರನ್ನೆಲ್ಲ ಮೂಲೆಗೆ ಕೂರಿಸಿಲ್ಲ. ಬ್ರಿಟನ್ನಿನಲ್ಲಿ ಅಂಥ ಲಾರಿ ಚಾಲಕರು ಹೊರಡುವ ಮುಂಚೆ, ಆಮೇಲೆ ಎರಡು ಗಂಟೆಗೊಮ್ಮೆ ಸಕ್ಕರೆ ನೋಡಿಕೊಂಡು ಓಡಿಸುತ್ತಾರೆ. ಅಮೆರಿಕವೂ ಇನ್ಸುಲಿನ್ ತಗೊಳ್ಳುವ ಚಾಲಕರ ನಿಯಮವನ್ನು 2018ರಲ್ಲಿ ಬದಲಿಸಿತು. ಚಿಕಿತ್ಸೆ ಕೊಡುವ ವೈದ್ಯರು ಸಕ್ಕರೆ ಹಿಡಿತದಲ್ಲಿದೆ ಅಂತ ಬರೆದುಕೊಟ್ಟರೆ, ಚಾಲಕರ ಆರೋಗ್ಯ ತಪಾಸಣೆ ಮಾಡುವ ವೈದ್ಯರು ಆ ಚಾಲಕನನ್ನು ಪಾಸ್ ಮಾಡಬಹುದು.

ನೀವು ಈಗ ಮಾಡಬೇಕಾದ್ದು ಇಷ್ಟು. ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನು ಜೇಬಿಗೆ ಹಾಕಿಕೊಂಡು ಅದೇ ಡಾಕ್ಟರ ಹತ್ತಿರ ಹೋಗಿ. ಅಂಗಡಿಯಲ್ಲಿ ಸುಮ್ನೆ ಕೇಳಿ ತಗೊಂಡ ಕೆಮ್ಮಿನ ಸಿರಪ್ ಇದ್ದರೆ ಅದನ್ನೂ ಒಯ್ಯಿರಿ. ‘ಡ್ರೈವರ್’ ಅಂದರೆ ಸಾಲದು. ರಾತ್ರಿ ಪಾಳಿ ಇದೆಯಾ, ಎಷ್ಟು ಗಂಟೆ ಸ್ಟೇರಿಂಗ್ ಮುಂದೆ ಕೂರುತ್ತೀರಿ, ಯಾವಾಗ ಮಲಗುತ್ತೀರಿ, ಎಲ್ಲ ಹೇಳಿ. ಕೊನೇ ಮಾತ್ರೆ ನುಂಗಿ ಎಷ್ಟು ಗಂಟೆ ಆದ ಮೇಲೆ ಗಾಡಿ ಹತ್ತಬಹುದು ಅಂತ ಕೇಳಿ, ಬರೆಸಿಕೊಳ್ಳಿ. ಹೊಸ ಮಾತ್ರೆ ಆದರೆ ಮೊದಲ ಸಲ ರಜೆ ಇರುವ ದಿನವೇ ತಗೊಳ್ಳಿ. ಇನ್ನೊಂದು, ನಿದ್ದೆ ಯಾಕೆ ಬರ್ತಿಲ್ಲ ಅಂತಲೂ ಕೇಳಿ. ಗೊರಕೆ ಜೋರಾಗಿದ್ದು ಹಗಲು ತೂಕಡಿಕೆ ಬರ್ತಿದ್ದರೆ ಅದು ಮಾತ್ರೆಯಿಂದ ಹೋಗುವಂಥದ್ದಲ್ಲದಿರಬಹುದು.

ಸಂಬಳದ ಪ್ರಶ್ನೆ ನ್ಯಾಯವಾದದ್ದೇ. ಇಂಥ ದಿನ ಕಾಯಿಲೆ ರಜೆಯೋ, ಬೇರೆ ಕೆಲಸ ಕೊಡ್ತಾರೋ, ಸಂಬಳ ಕಡಿತವೋ ಅಂತ ಮ್ಯಾನೇಜರ್ ಹತ್ತಿರ ಬರಹದಲ್ಲಿ ಕೇಳಿ. ಡಾಕ್ಟರು ಬರೆದುಕೊಟ್ಟ ಹಾಳೆಯ ಒಂದು ಪ್ರತಿಯನ್ನೂ ಅದರ ಜೊತೆ ಕೊಡಿ. ಅವರು ಏನು ಉತ್ತರ ಕೊಟ್ಟರು ಅಂತ ನಮಗೂ ಬರೆಯಿರಿ.