ನಿಂತ ಕಾರೇ ಬೇಗ ಹಾಳಾಗುತ್ತದೆ: ಹಳೇ ಬ್ರಿಟಿಷ್ ಕಾರುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹಳೇ ಬ್ರಿಟಿಷ್ ಕಾರುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಮಾರಿಸ್ ಮೈನರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಅಂಬಾಸಿಡರ್‌ಗಳದ್ದೇ. ಸೋದರಮಾವ ಕೊಟ್ಟ ಮೈನರ್ ಒಂದನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಆ ಅನುಭವದ ಮೇಲೆ ಉತ್ತರ ಕೊಡುತ್ತೇನೆ.

ಪ್ರಶ್ನೆ: ತಾತನ ಮಾರಿಸ್ ಮೈನರ್ 1000 ನಮ್ಮ ಮನೆ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ನಿಂತಿದೆ. ಹೊಸ ಬ್ಯಾಟರಿ ತಂದಿದ್ದೇನೆ ಸರ್. ಭಾನುವಾರ ಹಾಕಿ ಸೆಲ್ಫ್ ಹೊಡೆಯೋಣ ಅಂತಿದ್ದೇನೆ. ತೊಂದರೆ ಇಲ್ಲ ಅಲ್ವಾ?
– ಬಸವನಗುಡಿಯ ಓದುಗರು

ದಯವಿಟ್ಟು ಈ ಭಾನುವಾರ ಸೆಲ್ಫ್ ಹೊಡೆಯಬೇಡಿ. ಇಷ್ಟು ವರ್ಷದಲ್ಲಿ ಸಿಲಿಂಡರ್ ಒಳಗಿದ್ದ ಆಯಿಲ್ ಪೂರ್ತಿ ಕೆಳಗಿಳಿದು ಹೋಗಿರುತ್ತದೆ. ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಅಂಟಿಕೊಂಡಿರಬಹುದು. ಅಂಥ ಎಂಜಿನ್ನನ್ನು ಬಲವಂತವಾಗಿ ತಿರುಗಿಸಿದರೆ ರಿಂಗ್ ಮುರಿಯುತ್ತದೆ, ಸಿಲಿಂಡರಿಗೆ ಗೀರು ಬೀಳುತ್ತದೆ, ಆಮೇಲೆ ಸಿಲಿಂಡರನ್ನು ಕೊರೆಸಿ ಸರಿಮಾಡುವ ಬೋರಿಂಗ್ ಮಾಡಿಸದೆ ಬೇರೆ ದಾರಿ ಇರುವುದಿಲ್ಲ.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡಿ. ಡಿಕ್ಕಿಯಲ್ಲಿ ತಾತನ ಕಾಲದ ಹ್ಯಾಂಡಲ್ ಇದ್ದರೆ ನಿಮ್ಮ ಅದೃಷ್ಟ. ಗೇರ್ ನ್ಯೂಟ್ರಲ್‌ಗೆ ಹಾಕಿ, ಮುಂದಿನಿಂದ ಹ್ಯಾಂಡಲ್ ತೂರಿಸಿ, ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಮೆತ್ತಗೆ ತಿರುಗಿದರೆ ಅರ್ಧ ಗೆದ್ದಂತೆ. ತಿರುಗದಿದ್ದರೆ ಜಗ್ಗಾಡಬೇಡಿ, ಇನ್ನೊಂದಿಷ್ಟು ಆಯಿಲ್ ಬಿಟ್ಟು ಒಂದು ವಾರ ಕಾಯಿರಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ, ಸುತ್ತಿ ಹಿಡಿಯಬೇಡಿ. ಮುಂದೆ ಅದರಲ್ಲೇ ಸ್ಟಾರ್ಟ್ ಮಾಡುವಾಗ ಎಂಜಿನ್ ಹಿಂದಕ್ಕೆ ಒದ್ದರೆ ಬೆರಳು ಮುರಿದೇ ಹೋಗುತ್ತದೆ. ಈ ಅಭ್ಯಾಸ ಮೊದಲ ದಿನದಿಂದಲೇ ಬರಲಿ.

ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆಸಿ. ಅದು ಅಂಟಾಗಿರುತ್ತದೆ, ಮೂಸಿದರೆ ವಾರ್ನಿಷ್ ವಾಸನೆ ಬರುತ್ತದೆ. ಎಂಜಿನ್ ಆಯಿಲ್ ಬದಲಾಯಿಸಿ 20ಡಬ್ಲ್ಯು-50 ಹಾಕಿ. ಮೈನರ್ ಗೇರ್‌ಬಾಕ್ಸಿಗೂ ಎಂಜಿನ್ ಆಯಿಲ್ಲೇ, ಗೇರ್ ಆಯಿಲ್ ಹೋಗುವುದು ಹಿಂದಿನ ಆಕ್ಸಲ್‌ಗೆ ಮಾತ್ರ. ಇದನ್ನು ಮೆಕ್ಯಾನಿಕ್‌ಗೆ ನೀವೇ ಬಾಯಿಬಿಟ್ಟು ಹೇಳಬೇಕು.

ಬ್ಯಾಟರಿಯದ್ದು ಇನ್ನೊಂದು ವಿಷಯ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಬಾಡಿಗೆ ಹೋಗುತ್ತದೆ. ಮೈನರ್‌ನಲ್ಲಿ ಮೂಲದ ವೈರಿಂಗ್ ಇದ್ದರೆ ಪ್ಲಸ್ ಬಾಡಿಗೆ. ನಡುವೆ ಯಾರಾದರೂ ಬದಲಾಯಿಸಿರಲೂಬಹುದು, ಆದ್ದರಿಂದ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ ನೋಡಿ ಹೇಳುವವರೆಗೆ ವೈರ್ ಮುಟ್ಟಿಸಬೇಡಿ.

ಇನ್ನು ಬ್ರೇಕ್. ಎಂಜಿನ್ ಸ್ಟಾರ್ಟ್ ಆದ ಖುಷಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಮೈನರ್‌ನಲ್ಲಿ ಬಾನೆಟ್ ಕೆಳಗೆ ಇಲ್ಲ, ಡ್ರೈವರ್ ಕಾಲ ಕೆಳಗೆ ನೆಲದಲ್ಲಿದೆ. ಕಾರ್ಪೆಟ್ ಎತ್ತಿ, ಅಲ್ಲಿರುವ ಸಣ್ಣ ಮುಚ್ಚಳ ತೆಗೆದು ಫ್ಲೂಯಿಡ್ ನೋಡಬೇಕು. ಕಾರು ನನ್ನ ಕೈಗೆ ಬಂದ ಮೊದಲ ವರ್ಷ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೆ. ಅವರು ಬಾನೆಟ್ ಎತ್ತಿ ನೋಡಿದರು, ಫ್ಲೂಯಿಡ್ ಡಬ್ಬಿ ಕಾಣಲಿಲ್ಲ, ಬಿಟ್ಟುಬಿಟ್ಟರು. ಎರಡು ವಾರದ ಮೇಲೆ ಬುಲ್ ಟೆಂಪಲ್ ರಸ್ತೆಯಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಹಿಂದಿನ ಸೀಟಿನಲ್ಲಿ ಅಕ್ಕನ ಮಕ್ಕಳಿದ್ದರು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ, ಫುಟ್‌ಪಾತಿಗೆ ಟೈರ್ ಉಜ್ಜಿಕೊಂಡು ನಿಲ್ಲಿಸಿದೆ. ಅವತ್ತಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಕಾರ್ಪೆಟ್ ಎತ್ತಿ ನೋಡುವುದನ್ನು ಒಂದು ಸಲವೂ ತಪ್ಪಿಸಿಲ್ಲ. ನಿಮ್ಮ ಕಾರಿಗೆ ಮಾಸ್ಟರ್ ಸಿಲಿಂಡರ್ ರಬ್ಬರ್, ವೀಲ್ ಸಿಲಿಂಡರ್, ಬ್ರೇಕ್ ಹೋಸ್ ಎಲ್ಲ ಹೊಸದು ಹಾಕಿಸಿ. ಟೈರುಗಳೂ ಹೊಸದೇ ಬೇಕು, ಗೆರೆ ಎಷ್ಟೇ ಚೆನ್ನಾಗಿ ಕಂಡರೂ ಸರಿ.

ಪ್ರಶ್ನೆ: ನಮ್ಮದು 1966ರ ಅಂಬಾಸಿಡರ್. ಟ್ರಾಫಿಕ್‌ನಲ್ಲಿ ತುಂಬಾ ಬಿಸಿಯಾಗುತ್ತದೆ. ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ ಅನ್ನುತ್ತಾರೆ. ಅಂದ ಹಾಗೆ, ಅಂಬಾಸಿಡರ್ ಬ್ರಿಟಿಷ್ ಕಾರಿನ ಲೆಕ್ಕಕ್ಕೆ ಬರುತ್ತದಾ?
– ರಾಜಾಜಿನಗರದ ಓದುಗರು

ಖಂಡಿತ ಬರುತ್ತದೆ. ಅದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮೈಕಟ್ಟು, ನಿಮ್ಮದರಲ್ಲಿರುವ 1489 ಸಿಸಿ ಎಂಜಿನ್ ಕೂಡ ಬ್ರಿಟನ್ನಿನ ಬಿ-ಸೀರೀಸ್. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿತ್ತು ಅನ್ನುವುದೇ ಬಿಡಿಭಾಗ ಹುಡುಕುವಾಗ ನಿಮಗೆ ದೊಡ್ಡ ಅನುಕೂಲ.

ನಿಮ್ಮದು ಎರಡು ಬೇರೆ ಬೇರೆ ತೊಂದರೆ. ಮೊದಲು ಬಿಸಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುತ್ತಿದ್ದೀರಾ? ನಮ್ಮ ಊರಿನ ಬೋರ್ ನೀರು ಕುದಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದನ್ನು ದಿನಾ ನೋಡುತ್ತೀರಿ. ಅದೇ ಪದರ ರೇಡಿಯೇಟರ್ ಟ್ಯೂಬಿನಲ್ಲೂ ಕಟ್ಟುತ್ತದೆ. ಸುಮ್ನೆ ನೀರು ಬಿಟ್ಟು ತೊಳೆದರೆ ಹೋಗುವುದಿಲ್ಲ. ರೇಡಿಯೇಟರ್ ಕೆಲಸದವರ ಹತ್ತಿರ ಮೇಲಿನ ಟ್ಯಾಂಕ್ ಬಿಚ್ಚಿಸಿ, ಒಂದೊಂದು ಟ್ಯೂಬಿಗೂ ಕಂಬಿ ಹಾಕಿ ಸ್ವಚ್ಛ ಮಾಡಿಸಿ. ಎಂಜಿನ್ ಬ್ಲಾಕಿನ ನೀರಿನ ನಲ್ಲಿ ಬಿಚ್ಚಿ ಅಲ್ಲಿ ಕೂತ ಕೆಸರನ್ನೂ ತೆಗೆಸಿ. ಆಮೇಲೆ ಡಿಸ್ಟಿಲ್ಡ್ ವಾಟರ್, ಜೊತೆಗೆ ಕೂಲಂಟ್. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಅಂದರೆ ಪ್ಲಗ್ಗಿನ ಕಿಡಿ ತಡವಾಗಿ ಬರುತ್ತಿದ್ದರೂ, ಎಂಜಿನ್ ಕಾಯುತ್ತದೆ, ಅದನ್ನೂ ನೋಡಿಸಿ.

ಎಲೆಕ್ಟ್ರಿಕ್ ಫ್ಯಾನ್ ಹಾಕಿಸುವ ಮುಂಚೆ ಒಂದು ಲೆಕ್ಕ ತಿಳಿದುಕೊಳ್ಳಿ. ಬ್ಯಾಟರಿ ಚಾರ್ಜ್ ಮಾಡುವುದಕ್ಕೆ ನಿಮ್ಮ ಗಾಡಿಯಲ್ಲಿ ಇನ್ನೂ ಹಳೇ ಕಾಲದ ಡೈನಮೊ ಇದ್ದರೆ, ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಅದು ಚಾರ್ಜ್ ಕೊಡುವುದೇ ಇಲ್ಲ ಅನ್ನಬಹುದು. ಆ ಕಾಲದ ಲೂಕಾಸ್ ಸಿ40 ಡೈನಮೊ ಪೂರ್ತಿ ವೇಗದಲ್ಲಿ ಕೊಡುವುದೇ 22 ಆಂಪಿಯರ್. ಸಂಜೆ ಏಳು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲ ಹಾಕಿಕೊಂಡು ನಿಂತರೆ ಅಷ್ಟೂ ಬ್ಯಾಟರಿಯಿಂದಲೇ ಹೋಗುತ್ತದೆ. ಫ್ಯಾನ್ ಬೇಕೇ ಬೇಕು ಅಂದರೆ ಮೊದಲು ಡೈನಮೊ ಬದಲು ಈಗಿನ ಕಾರುಗಳಲ್ಲಿರುವ ಆಲ್ಟರ್ನೇಟರ್ ಹಾಕಿಸಿ. ನನ್ನನ್ನು ಕೇಳಿದರೆ ಶುದ್ಧವಾದ ರೇಡಿಯೇಟರ್ ಇದ್ದಲ್ಲಿ ಎರಡೂ ಬೇಕಿಲ್ಲ.

ನಿಂತ ಮೇಲೆ ಸ್ಟಾರ್ಟ್ ಆಗದಿರುವುದಕ್ಕೆ ಕಾರಣ ಬಹುಶಃ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುವುದು. ಬಾನೆಟ್ ಒಳಗಿನ ಬಿಸಿಗೆ ಪೈಪು, ಪಂಪು ಕಾದು ದ್ರವದ ಬದಲು ಆವಿ ತುಂಬಿಕೊಳ್ಳುತ್ತದೆ, ಪಂಪು ಎಳೆಯಲಾರದು. ಹಳೇ ಟ್ಯಾಕ್ಸಿ ಡ್ರೈವರ್‌ಗಳು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಇದಕ್ಕೇ. ಅದು ಈಗಲೂ ಕೆಲಸ ಮಾಡುತ್ತದೆ. ಪೈಪು ಸೈಲೆನ್ಸರ್ ಕಡೆಗೆ ಹತ್ತಿರ ಹೋಗಿದ್ದರೆ ದೂರ ಸರಿಸಿ ಕಟ್ಟಿಸಿ.

ಪ್ರಶ್ನೆ: ಈಗ ಪೆಟ್ರೋಲಿಗೆ 20% ಎಥನಾಲ್ ಸೇರಿಸುತ್ತಿದ್ದಾರೆ. ಹಳೇ ಕಾರು ಓಡಿಸುವುದನ್ನೇ ಬಿಡಬೇಕಾ?
– ಜಯನಗರದ ಓದುಗರು

ಬಿಡಬೇಡಿ. ಆದರೆ ಅಸಡ್ಡೆ ಮಾಡುವಂತೆಯೂ ಇಲ್ಲ. ಆ ಕಾಲದ ರಬ್ಬರ್ ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ, ಪೆಟ್ರೋಲ್ ಸೋರಿ ಬಿಸಿ ಎಂಜಿನ್ ಮೇಲೆ ಬೀಳುತ್ತದೆ. ಬೆಂಕಿಯ ಭಯ ನಿಜವಾದದ್ದು. ಟ್ಯಾಂಕಿನಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ವರೆಗಿನ ಎಲ್ಲ ರಬ್ಬರ್ ಹೋಸುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ, ಪಂಪಿನ ಡಯಾಫ್ರಮ್ ಕೂಡ. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ನಿಂತ ಕಾರಿನ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಓಡಿಸುವವರಿಗೆ ಈ ತೊಂದರೆ ತುಂಬಾ ಕಡಿಮೆ.

ಎಸ್‌ಯು ಕಂಪನಿಯ ಕಾರ್ಬುರೇಟರ್ ಇದ್ದರೆ ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಮಾಡಬೇಕಾಗಬಹುದು. ಕೆಳಗಿನ ಜೆಟ್ ನಟ್ಟನ್ನು ಕೆಳಕ್ಕಿಳಿಸಿದಷ್ಟೂ ಪೆಟ್ರೋಲ್ ಜಾಸ್ತಿ. ಸರಿಯಾಗಿದೆಯಾ ನೋಡುವುದಕ್ಕೆ ಎಂಜಿನ್ ಓಡುತ್ತಿರುವಾಗ ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಎಂಜಿನ್ ಆಫ್ ಆದರೆ ಕಡಿಮೆ, ಒಂದು ಕ್ಷಣ ಚೂರು ಏರಿ ಮೊದಲಿನಂತಾದರೆ ಸರಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಅದಕ್ಕೇ ಪುಸ್ತಕದ ಅಳತೆಗಿಂತ ಈ ಪರೀಕ್ಷೆಯನ್ನೇ ನಂಬಿ.

ಪ್ರಶ್ನೆ: ನಮ್ಮ ಕಾರಿಗೆ ಇನ್ನೂ ಮೈಸೂರು ರಾಜ್ಯದ ಎಂವೈ ನಂಬರ್ ಇದೆ. ವಿಂಟೇಜ್ ನೋಂದಣಿ ಮಾಡಿಸಿದರೆ ಒಳ್ಳೆಯದಾ?
– ಯಲಹಂಕದ ಓದುಗರು

ಕಾರನ್ನು ಏನು ಮಾಡುತ್ತೀರಿ ಅನ್ನುವುದರ ಮೇಲೆ ಇದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಿಯಮ ಬಂದಾಗ ಇಟ್ಟ ಶುಲ್ಕ ಹೊಸ ನೋಂದಣಿಗೆ 20,000 ರೂಪಾಯಿ, ಅದಕ್ಕೆ 10 ವರ್ಷದ ಅವಧಿ, ಮರು ನೋಂದಣಿಗೆ 5,000. ಹೊಸದಾಗಿ ನೋಂದಾಯಿಸುವವಕ್ಕೆ ವಿಎ ಸರಣಿ, ಈಗಾಗಲೇ ನಂಬರ್ ಇರುವವು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಆದ ಮೇಲೆ ರ್‍ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬೇಕು. ದಿನನಿತ್ಯದ ಓಡಾಟಕ್ಕಿಲ್ಲ. ನಾನು ಗಾಂಧಿ ಬಜಾರಿಗೆ ತರಕಾರಿಗೂ ಮೈನರ್‌ನಲ್ಲೇ ಹೋಗುವವನು. ಹಾಗಾಗಿ ಆರ್‌ಟಿಒದಲ್ಲಿ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸುತ್ತಾ ಬಂದಿದ್ದೇನೆ. ನಿಮ್ಮ ಆರ್‌ಸಿ ಅವಧಿ ಮುಗಿಯಲು ಮಾತ್ರ ಬಿಡಬೇಡಿ.

ಪ್ರಶ್ನೆ: ಯಾವ ಸ್ಪ್ಯಾನರ್ ಹಾಕಿದರೂ ಬೋಲ್ಟ್ ತಲೆ ಉರುಟಾಗುತ್ತಿದೆ. ಬಿಡಿಭಾಗ ಎಲ್ಲಿ ಹುಡುಕಲಿ?
– ಕೆಂಗೇರಿಯ ಓದುಗರು

ನಿಮ್ಮ ಸ್ಪ್ಯಾನರ್ ಸೆಟ್ ಮಿಲಿಮೀಟರಿನದು, ಕಾರು ಇಂಚಿನದು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂತಂತೆ ಕಾಣುತ್ತದೆ, ಬಿಗಿಯಾದ ಬೋಲ್ಟಿನಲ್ಲಿ ಜಾರಿ ಮೂಲೆ ತಿನ್ನುತ್ತದೆ. 7/16, 1/2, 9/16 ಇಷ್ಟು ಕೊಂಡರೆ ಮುಕ್ಕಾಲು ಕೆಲಸ ನಡೆಯುತ್ತದೆ. ಅಂಬಾಸಿಡರ್ ಸಾಮಾನಿಗೆ ಜೆ.ಸಿ. ರಸ್ತೆ, ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ ಸುತ್ತಿ. ಹಳೇ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮೈನರ್‌ಗೆ ಬ್ರಿಟನ್ನಿನಲ್ಲಿ ಈಗಲೂ ಹೊಸ ಬ್ರೇಕ್ ಭಾಗ, ರಬ್ಬರ್, ತಗಡು ಎಲ್ಲ ತಯಾರಾಗುತ್ತದೆ. ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ ತರಿಸಿ.

ಪ್ರಶ್ನೆ: ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಅವರ ಸ್ಟ್ಯಾಂಡರ್ಡ್ ಹೆರಾಲ್ಡ್ ಮನೆ ಮುಂದೆ ನಿಂತಿದೆ. ಮಾರಿ ಅಂತ ನೆಂಟರೆಲ್ಲ ಹೇಳುತ್ತಾರೆ. ನನಗೆ ಇಟ್ಟುಕೊಳ್ಳುವ ಆಸೆ. ಆದರೆ ಕಾರಿನ ಕೆಲಸ ಏನೂ ಗೊತ್ತಿಲ್ಲ. ನನ್ನಿಂದ ಆಗುತ್ತದಾ ಸರ್?
– ಮಲ್ಲೇಶ್ವರದ ಓದುಗರು

ಆಗುತ್ತದಮ್ಮ. ಕಲಿಯುವವರಿಗೆ ಹೆರಾಲ್ಡ್‌ಗಿಂತ ಒಳ್ಳೆಯ ಕಾರು ಇಲ್ಲ. ಅದರ ಮುಂಭಾಗ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಟೈರಿನ ಮೇಲೆ ಕೂತುಕೊಂಡು ಎಂಜಿನ್ ಕೆಲಸ ಮಾಡಬಹುದು, ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಬಾಡಿ ಬೇರೆ, ಚಾಸಿ ಬೇರೆ, ಬೋಲ್ಟ್ ಹಾಕಿ ಕೂರಿಸಿದ್ದು.

ಮೊದಲು ಚಾಸಿಯ ಪಕ್ಕದ ತೋಳುಗಳಲ್ಲಿ ತುಕ್ಕು ಎಷ್ಟಿದೆ ನೋಡಿಸಿ. ಬಾಗಿಲ ಕೆಳಗಿನ ಅಂಚಿಗೆ ಒಂದು ಅಯಸ್ಕಾಂತ ಹಿಡಿಯಿರಿ, ಅಂಟದಿದ್ದರೆ ಪೇಂಟ್ ಕೆಳಗೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಆಮೇಲೆ ಮುಂದಿನ ಚಕ್ರಗಳ ಕೆಳಗೆ ಟ್ರನಿಯನ್ ಅಂತ ಒಂದು ಭಾಗವಿದೆ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಅದರ ತಿರುಪಿನ ಸುತ್ತುಗಳ ಮೇಲೆ. ಅದಕ್ಕೆ ಗ್ರೀಸ್ ಅಲ್ಲ, ಇಪಿ90 ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಗಟ್ಟಿಯಾಗಿ ಕೂತು, ಒಳಗೆ ತುಕ್ಕು ಹಿಡಿದು, ಒಂದು ದಿನ ಮುರಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಗ್ಯಾರೇಜಿನ ಹುಡುಗರು ಅಭ್ಯಾಸಬಲದಿಂದ ಗ್ರೀಸ್ ಗನ್ ತರುತ್ತಾರೆ. ನೀವು ಪಕ್ಕದಲ್ಲೇ ನಿಂತು ಬೇಡ ಅನ್ನಿ.

ಅಪ್ಪ ಯಾವ ಮೇಸ್ತ್ರಿ ಹತ್ತಿರ ಹೋಗುತ್ತಿದ್ದರು ಅಂತ ಹುಡುಕಿ. ಅವರ ಡೈರಿಯಲ್ಲೋ, ಡ್ಯಾಶ್‌ಬೋರ್ಡಿನ ಬಿಲ್ಲುಗಳಲ್ಲೋ ಸಿಗಬಹುದು. ಆ ಮೇಸ್ತ್ರಿ ಇನ್ನೂ ಇದ್ದರೆ ಈ ವಾರವೇ ಹೋಗಿ ನೋಡಿ, ಆ ಕಾರಿನ ಸ್ವಭಾವ ಅವರಿಗೆ ಗೊತ್ತಿರುತ್ತದೆ. ಕಾರು ಸರಿಯಾದ ಮೇಲೆ ಭಾನುವಾರ ಬೆಳಗ್ಗೆ ಆರು ಗಂಟೆಗೆ, ರಸ್ತೆ ಖಾಲಿ ಇರುವಾಗ, ಸ್ಯಾಂಕಿ ಕೆರೆ ಸುತ್ತ ಒಂದು ಸುತ್ತು ಹೋಗಿ ಬನ್ನಿ. ಕಾರು ಹೇಗಿದೆ ಅಂತ ನನಗೆ ಬರೆಯಿರಿ.