ಯೇಸುವನ್ನು ನಂಬಿದರೆ ಬಾಳಿಕೆ ಬರುವ ತೃಪ್ತಿ ನಿಜಕ್ಕೂ ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹುಟ್ಟಿದ್ದೇ ಕ್ರೈಸ್ತ ಮನೆಯಲ್ಲಿ, ಬೆಂಗಳೂರಿನಲ್ಲಿ ಕೈತುಂಬ ಸಂಬಳ, ಭಾನುವಾರ ಆರಾಧನೆ ಮುಗಿಸಿ ಬರುವಾಗ ಮನಸ್ಸು ತಿಳಿಯಾಗಿರುತ್ತದೆ, ಸೋಮವಾರ ಮಧ್ಯಾಹ್ನಕ್ಕೆ ಮತ್ತೆ ಖಾಲಿ. "ಸಾಕ್ಷಿ ಹೇಳುವವರೆಲ್ಲ ರಕ್ಷಣೆ ಹೊಂದಿದ ದಿನದಿಂದ ಪೂರ್ಣ ತೃಪ್ತಿ ಅನ್ನುತ್ತಾರೆ, ನನ್ನ ನಂಬಿಕೆಯೇ ಕಡಿಮೆಯಾ?" ಎಂದು ಕೇಳಿದ್ದೀರಿ.

ಕಡಿಮೆ ಅಲ್ಲ. ಸಭೆಯ ಮುಂದೆ ನಿಂತು ತಮ್ಮ ಅನುಭವದ ಸಾಕ್ಷಿ ಹೇಳುವವರಿಗೆ ಹತ್ತು ನಿಮಿಷ ಕೊಟ್ಟಿರುತ್ತಾರೆ. ಹತ್ತು ನಿಮಿಷದಲ್ಲಿ ಯಾರೂ ಸೋಮವಾರದ ತನಕ ತಲುಪುವುದಿಲ್ಲ.

ನಾನು ಪಾಸ್ಟರ್ ಅಲ್ಲ. ಮಂಗಳೂರಿನ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವ, ಇಪ್ಪತ್ತೆರಡು ವರ್ಷ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕ ಬರೆದವ. ಮಾತಿನಲ್ಲಿ ಜಮಾ-ಖರ್ಚು ಜಾಸ್ತಿ ನುಸುಳಿದರೆ ಸಹಿಸಿಕೊಳ್ಳಿ.

ನಮ್ಮದು ಹಂಚಿನ ಮನೆ. ಮುತ್ತಜ್ಜ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚು ಮಾಡಲು ಶುರು ಮಾಡಿದ್ದು 1865ರಲ್ಲಿ. ಸಭೆ ಸೇರಿದವರನ್ನು ಸಂಬಂಧಿಕರು ಹೊರಗಿಟ್ಟಿದ್ದರು, ಕುಲಕಸುಬು ಕೈತಪ್ಪಿತ್ತು, ಹೊಟ್ಟೆಪಾಡಿಗೆ ಏನಾದರೊಂದು ಬೇಕಿತ್ತು. ಹಾಗಾಗಿ ನಮ್ಮ ಮನೆಯೊಳಗೆ ನಂಬಿಕೆಯೂ ಹಂಚೂ ಒಟ್ಟಿಗೇ ಬಂದವು. ಮಾಡಿನ ಕೆಲವು ಹಂಚುಗಳ ಒಳಮೈಯಲ್ಲಿ ಮಿಷನ್ನಿನ ಹೆಸರಿನ ಅಚ್ಚು ಈಗಲೂ ಕಾಣುತ್ತದೆ. ಬೆಂಗಳೂರಿನ ನೆಂಟರು ಬಂದರೆ ಅದರ ಫೋಟೋ ತೆಗೆಯುತ್ತಾರೆ. ಮಳೆಗಾಲದಲ್ಲಿ ಸೋರುವುದೂ ಅವೇ.

ಪಕ್ಕದ ಹಿತ್ತಿಲಲ್ಲಿ ಹೆಂಡತಿಯ ಅಣ್ಣನ ಮನೆ. ಭಾವ ಮೀಸೆ ಸರಿಯಾಗಿ ಮೂಡುವ ಮೊದಲೇ ಕುವೈತಿಗೆ ಹೋದವರು. ತಾರಸಿ ಮನೆ, ಮೇಲೊಂದು ಮಾಳಿಗೆ, ಅದರ ನೆತ್ತಿಯ ಮೇಲೆ ಕಪ್ಪು ನೀರಿನ ಟ್ಯಾಂಕು. ನಮ್ಮ ಜಗಲಿಯಲ್ಲಿ ಎಲ್ಲಿ ಕೂತರೂ ಆ ಟ್ಯಾಂಕು ಕಾಣುತ್ತದೆ. ಸಂಜೆ ಮನೆ ಪ್ರಾರ್ಥನೆಯಲ್ಲಿ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂದು ಓದುವುದು, ಸತ್ಯವೇದ ಮುಚ್ಚಿ ಜಗಲಿಗೆ ಬಂದು ಟ್ಯಾಂಕು ನೋಡುವುದು. ಹದಿನೈದು ವರ್ಷ ಇದೇ ಕ್ರಮ. ಭಾವ ಒಂದು ದಿನವೂ ಜಂಬ ತೋರಿಸಿದವರಲ್ಲ. ತೋರಿಸಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆನೋ ಏನೋ.

ನಲವತ್ತಾರನೆಯ ವಯಸ್ಸಿನಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕೊನೆಯ ಎರಡು ತಿಂಗಳ ಸಂಬಳವೂ ಇಲ್ಲ, ಕೆಲಸ ಬಿಡುವಾಗ ಕೈಗೆ ಬರಬೇಕಾದ ಗ್ರಾಚ್ಯುಯಿಟಿಯೂ ಇಲ್ಲ. ಮೂರನೆಯ ವಾರ ನಮ್ಮ ಸಭೆಯ ಸ್ತ್ರೀಯರ ಕೂಟದಿಂದ ಇಬ್ಬರು ರಿಕ್ಷಾದಲ್ಲಿ ಬಂದರು. ಒಂದು ಮೂಟೆ ಕುಚ್ಚಲಕ್ಕಿ, ಎಣ್ಣೆ, ಒಂದು ಲಕೋಟೆ. ಗೇಟಿನ ಸದ್ದು ಕೇಳಿದ್ದೇ ನಾನು ಹಿಂಬಾಗಿಲಿನಿಂದ ಬಚ್ಚಲಿಗೆ ಹೋದೆ. ಹಂಡೆಗೆ ಬೆಂಕಿ ಹಾಕಿತ್ತು, ಹಸಿ ತೆಂಗಿನ ಮಡಲು, ಹೊಗೆಯೋ ಹೊಗೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ರಿಕ್ಷಾ ಹೋದ ಸದ್ದು ಕೇಳುವ ತನಕ ಹೊರಗೆ ಬರಲಿಲ್ಲ. ಹೆಂಡತಿ ಅಕ್ಕಿ ಮೂಟೆಯ ಪಕ್ಕ ನಿಂತು ಹೇಳಿದಳು: "ಕಾಣಿಕೆ ಚೀಲಕ್ಕೆ ಹಾಕುವಾಗ ಕೈ ಮುಂದೆ ಬರ್ತದೆ ನಿಮ್ಮದು. ತಗೊಳ್ಳುವಾಗ ಬಚ್ಚಲಿಗೆ ಹೋಗ್ತದಾ?"

ಅದೇ ವಾರ ಭಾವ ನನ್ನ ಖಾತೆಗೆ ಐವತ್ತು ಸಾವಿರ ಹಾಕಿದರು. ಮರುದಿನವೇ ವಾಪಸ್ ಕಳಿಸಿದೆ. "ದೇವರೊಬ್ಬ ಇದ್ದಾನೆ, ನಮಗೆ ಅಷ್ಟು ಸಾಕು ಭಾವ" ಎಂದೆ. ಅದನ್ನೇ ನಂಬಿಕೆ ಅಂದುಕೊಂಡಿದ್ದೆ, ಅದನ್ನೇ ತೃಪ್ತಿ ಅಂದುಕೊಂಡಿದ್ದೆ.

ಆ ಮಳೆಗಾಲ ಬುಧವಾರದ ಸತ್ಯವೇದ ಅಧ್ಯಯನಕ್ಕೆ ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ಹಿಡಿದಿದ್ದರು. ನಾಲ್ಕೇ ಅಧ್ಯಾಯ, 104 ವಚನ. ನಮಗೆಲ್ಲ ಬಾಯಿಪಾಠ ಇರುವುದು ಅದರಲ್ಲಿ ಒಂದು, 4:13, ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಎನ್ನುವುದು. ಬೈಕಿನ ಮೇಲೆ, ಮೊಬೈಲ್ ಕವರಿನ ಮೇಲೆ, ಪರೀಕ್ಷೆಗೆ ಹೋಗುವ ಮಕ್ಕಳ ಕಂಪಾಸು ಪೆಟ್ಟಿಗೆಯ ಮೇಲೆ ಇರುವುದು ಅದೇ. ಅದರ ಹಿಂದಿನ ಎರಡು ವಚನ ಸೇರಿಸಿ ಓದಿದರೆ ಆ "ಎಲ್ಲ" ಯಾವುದು ಎಂದು ಗೊತ್ತಾಗುತ್ತದೆ: ಹೊಟ್ಟೆ ತುಂಬಿದ್ದರೂ ಸರಿ, ಹಸಿದಿದ್ದರೂ ಸರಿ. ಪರೀಕ್ಷೆ ಪಾಸಾಗುವ ಸುದ್ದಿಯೇ ಅಲ್ಲಿಲ್ಲ.

ಪೌಲ ಇದನ್ನು ಬರೆಯುವಾಗ ಸೆರೆಯಲ್ಲಿದ್ದ. ಆ ಕಾಲದ ಕೈದಿಗೆ ಊಟ-ಬಟ್ಟೆ ಹೆಚ್ಚಾಗಿ ಹೊರಗಿನ ತನ್ನವರಿಂದಲೇ ಬರಬೇಕಿತ್ತು. ಮಕೆದೋನ್ಯದ ಫಿಲಿಪ್ಪಿಯ ಸಭೆಯವರು ಎಪಫ್ರೊದೀತ ಎಂಬವನ ಕೈಯಲ್ಲಿ ಸಹಾಯ ಕಳಿಸಿದರು. ಅವನು ಕಾಯಿಲೆ ಬಿದ್ದು ಸಾಯುವ ಹಾಗಾಗಿ, ಹೇಗೋ ಬದುಕಿದ. ಚೇತರಿಸಿಕೊಂಡ ಅವನನ್ನು ಊರಿಗೆ ಕಳಿಸುವಾಗ ಬರೆದ ಕಾಗದ ಇದು. ಕೊನೆಯ ಭಾಗ ಪೂರ್ತಿ ಆ ಕಾಣಿಕೆ ಬಂದು ಸೇರಿತು ಎನ್ನುವ ವಿಷಯ. ನಾವು ತೃಪ್ತಿಯ ಬಗ್ಗೆ ಉದಾಹರಿಸುವ ಮಾತು ಇರುವುದು ಒಂದು ಥ್ಯಾಂಕ್ಸ್ ಪತ್ರದ ನಡುವೆ. ನಲವತ್ತು ವರ್ಷ ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದರೂ ಇದು ನನ್ನ ತಲೆಗೆ ಹೋಗಿರಲಿಲ್ಲ.

ನಮ್ಮ ಸಭಾಪಾಲಕರಿಗೆ ಗ್ರೀಕ್ ಬರುತ್ತದೆ, ಅದರ ಹುಚ್ಚೂ ಸ್ವಲ್ಪ ಉಂಟು. ಅವತ್ತು ಆ ಹುಚ್ಚಿನಿಂದ ನನಗೆ ಉಪಕಾರವಾಯಿತು. ಪೌಲ ಬಳಸುವ "ಔತಾರ್ಕೇಸ್" ಎಂಬ ಪದ ಸ್ತೋಯಿಕರೆಂಬ ತತ್ವಜ್ಞಾನಿಗಳಿಗೆ ಬಹಳ ಪ್ರಿಯವಾದದ್ದಂತೆ. ತನಗೆ ತಾನೇ ಸಾಕಾದವನು, ಹೊರಗಿನಿಂದ ಏನೂ ಬೇಡದವನು ಎಂದರ್ಥ. ಪೌಲ ಆ ಪದವನ್ನೇ ಎತ್ತಿಕೊಂಡು, ಎರಡು ವಚನ ದಾಟುವಷ್ಟರಲ್ಲಿ ಬಲ ಕೊಡುವಾತ ಬೇರೆ ಇದ್ದಾನೆ ಅನ್ನುತ್ತಾನೆ. ಅದರ ಮರುವಚನದಲ್ಲೇ, ಆದರೂ ನೀವು ನನ್ನ ಕಷ್ಟದಲ್ಲಿ ಪಾಲುಗೊಂಡದ್ದು ಒಳ್ಳೆಯದಾಯಿತು ಅನ್ನುತ್ತಾನೆ. ಇನ್ನೊಂದು, "ಕಲಿತಿದ್ದೇನೆ" ಎನ್ನುವ ಮಾತು. ಎರಡನೆಯ ಸಲ ಅದನ್ನು ಹೇಳುವಾಗ ಬಳಸಿದ್ದು ಗುಟ್ಟಿನ ಪಂಥಗಳಲ್ಲಿ ದೀಕ್ಷೆ ಕೊಡುವುದಕ್ಕೆ ಇದ್ದ ಪದ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದು ಯೇಸುವನ್ನು ನಂಬಿದ ಮನುಷ್ಯನೇ ತೃಪ್ತಿಯನ್ನು ಆಮೇಲೆ ಕಲಿಯಬೇಕಾಯಿತು. ಅದು ರಕ್ಷಣೆಯ ಜೊತೆ ಪುಕ್ಕಟೆ ಬರುವ ಸಾಮಾನಾಗಿದ್ದರೆ ಅವನಿಗೂ ಅದೇ ದಿನ ಬಂದಿರಬೇಕಿತ್ತಲ್ಲ?

ಆದರೆ ನನ್ನ ಕಿವಿ ನೆಟ್ಟಗಾದದ್ದು ಮುಂದಿನ ವಚನಗಳಿಗೆ. ಕೊಡುವ ಕೊಳ್ಳುವ ಲೆಕ್ಕ, ನಿಮ್ಮ ಖಾತೆಗೆ ಸೇರುವ ಫಲ... ಇದು ನನ್ನ ಭಾಷೆ! ಹದಿನೆಂಟನೆಯ ವಚನದಲ್ಲಿ "ಅಪೆಖೋ" ಎಂದು ಬರೆಯುತ್ತಾನಂತೆ. ಆ ಕಾಲದ ರಶೀದಿಗಳಲ್ಲಿ ಬರೆಯುತ್ತಿದ್ದ ಪದ, ಈಜಿಪ್ಟಿನಲ್ಲಿ ಸಿಕ್ಕಿದ ಹಳೆಯ ಚೀಟಿಗಳಲ್ಲಿ ಅದೇ ಉಂಟು ಎಂದರು ಸಭಾಪಾಲಕರು. ನಮ್ಮ ಹಳೆಯ ಲೆಕ್ಕದವರ ಕನ್ನಡದಲ್ಲಿ ಹೇಳುವುದಾದರೆ "ಪೂರಾ ಮುಟ್ಟಿತು".

ತನಗೆ ತೃಪ್ತಿ ಗೊತ್ತು ಎಂದವನು ರಶೀದಿ ಬರೆದು ಸಹಿ ಹಾಕಿದ್ದಾನೆ. ನಾನೋ ಬಚ್ಚಲಿನಲ್ಲಿ ನಿಂತಿದ್ದೆ. ಮುತ್ತಜ್ಜನ ಮನೆ, ಹೆಂಡತಿ ಹೊಲಿಗೆ ಮಾಡಿ ತಂದ ದುಡ್ಡು, ಆ ಅಕ್ಕಿ, ಯಾವುದನ್ನೂ ನನ್ನ ಪುಸ್ತಕದಲ್ಲಿ ಜಮೆ ಕಡೆ ಬರೆದಿರಲಿಲ್ಲ. ಬರೆದದ್ದೆಲ್ಲ ಟ್ಯಾಂಕು. ಯಾವ ಲೆಕ್ಕಪರಿಶೋಧಕನೂ ಒಪ್ಪದ ಪುಸ್ತಕ ಅದು. ಬಾಯಿ ತೆರೆದರೆ ಕೃಪೆ, ಕೃಪೆ ಎಂದು ಹಾಡುತ್ತಿದ್ದೆ; ಕೃಪೆ ಅಂದರೆ ದುಡಿಯದೆ ಸಿಕ್ಕಿದ್ದನ್ನು ಕೈಚಾಚಿ ತೆಗೆದುಕೊಳ್ಳುವುದು ಎಂದು ಕೈಗೆ ಮಾತ್ರ ಗೊತ್ತಿರಲಿಲ್ಲ.

ನಿಮ್ಮ ಸೋಮವಾರದ ಮಾತಿಗೆ ಬರುತ್ತೇನೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ, ಅಂದರೆ ಆಕಾಶದಿಂದ ಬಿದ್ದ ಆಹಾರ, ಸಿಕ್ಕಿದ ಕತೆ ನಿಮಗೆ ಗೊತ್ತು. ನಾಳೆಗಿರಲಿ ಎಂದು ಉಳಿಸಿಕೊಂಡದ್ದಕ್ಕೆ ಹುಳ ಬಿತ್ತು, ನಾರಿತು. ಕರ್ತನ ಪ್ರಾರ್ಥನೆಯಲ್ಲಿ ಕೇಳುವುದೂ ಅನುದಿನದ ಆಹಾರ, ಈ ಹೊತ್ತಿಗೆ. ಭಾನುವಾರದ ಸಮಾಧಾನ ಸೋಮವಾರಕ್ಕೆ ಹಳಸಿದರೆ ಅದು ನಕಲಿ ಅಂತಲ್ಲ, ಅದು ಭಾನುವಾರದ್ದು ಅಷ್ಟೇ. ಫ್ರಿಜ್ಜಿನಲ್ಲಿಡುವ ಜಾತಿಯದ್ದಲ್ಲ. ವಾರದ ವಿಶ್ರಾಂತಿ ದಿನವೊಂದು ಬಿಟ್ಟರೆ, ನಲವತ್ತು ವರ್ಷ ಅವರು ತಿಂದದ್ದು ಆಯಾ ಬೆಳಿಗ್ಗೆ ಎದ್ದು ಹೆಕ್ಕಿದ್ದನ್ನೇ. ನೀವು "ಬಾಳಿಕೆ" ಎಂದು ಕೇಳಿದ್ದೀರಲ್ಲ, ನನಗೆ ಗೊತ್ತಿರುವ ಬಾಳಿಕೆ ಇದೊಂದೇ. ನಾನು ಮಾಡುವುದು ಇಷ್ಟು: ಬೆಳಿಗ್ಗೆ ಚಹಾಕ್ಕೆ ಮೊದಲು ಹಳೆಯ ಲೆಡ್ಜರಿನಲ್ಲಿ ಹಿಂದಿನ ದಿನ ಯಾರಿಂದ ಏನು ಮುಟ್ಟಿತು ಎಂದು ಬರೆಯುತ್ತೇನೆ, ಆಮೇಲೆ ಕರ್ತನ ಪ್ರಾರ್ಥನೆ. ಕೆಲವು ದಿನ ಬರೆಯಲು ಏನೂ ತೋಚುವುದಿಲ್ಲ. ಆಗ ಬಸ್ ಕಂಡಕ್ಟರು ಚಿಲ್ಲರೆ ಕೊಟ್ಟರು ಎಂದೂ ಬರೆದದ್ದುಂಟು.

ಇಲ್ಲೊಂದು ಎಚ್ಚರಿಕೆ ಬೇಕು. ತೃಪ್ತಿ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಮ್ಮ ಸಭೆಗಳಲ್ಲಿ ಕಲಿಸುವವರಿದ್ದಾರೆ. ಗ್ರಾಚ್ಯುಯಿಟಿ ವಿಷಯದಲ್ಲಿ ನನಗೂ ಹೇಳಿದರು, "ಬಿಟ್ಟುಬಿಡಿ, ದೇವರು ನೋಡಿಕೊಳ್ತಾನೆ." ಅವರಿಗೆ ನಾನು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ತೋರಿಸಿದೆ. ಅದೂ ಫಿಲಿಪ್ಪಿಯೇ, ಅದೇ ಊರು. ಪೌಲ ಮತ್ತು ಅವನ ಜೊತೆಗಾರ ಸೀಲರನ್ನು ವಿಚಾರಣೆಯಿಲ್ಲದೆ ಹೊಡೆದು ಕಾಲಿಗೆ ಕೋಳ ಹಾಕಿದರು. ಮಧ್ಯರಾತ್ರಿ ಇಬ್ಬರೂ ಹಾಡುತ್ತಿದ್ದರು, ಅದನ್ನು ಎಲ್ಲರೂ ಪ್ರಸಂಗದಲ್ಲಿ ಹೇಳುತ್ತಾರೆ. ಬೆಳಿಗ್ಗೆ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಿ ಎಂದು ಹೇಳಿಕಳಿಸಿದಾಗ ಪೌಲ ಕದಲಲಿಲ್ಲ. ನಾವು ರೋಮಿನ ಪೌರರು, ಬಹಿರಂಗವಾಗಿ ಹೊಡೆಸಿದ್ದಾರೆ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದ. ಬಂದರು. ಹಾಡಿದವನೂ ಹಕ್ಕು ಕೇಳಿದವನೂ ಒಬ್ಬನೇ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯ್ದೆಯ ಪ್ರಕಾರ ದುಡಿದ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳ ನನ್ನದಾಗಿತ್ತು. ಅರ್ಜಿ ಹಾಕಿ ಮೂರು ವರ್ಷ ಅಲೆದೆ, ಸಿಕ್ಕಿತು. ಹಾಗೆಯೇ, ನಿಮ್ಮ ಆ ಖಾಲಿತನ ನಿದ್ದೆ, ಊಟ ಎರಡನ್ನೂ ಕಿತ್ತುಕೊಂಡಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಅದಕ್ಕೂ ನಂಬಿಕೆಗೂ ತಕರಾರಿಲ್ಲ.

ಸಭೆಯ ಸುಗ್ಗಿ ಹಬ್ಬದಲ್ಲಿ ಎಲ್ಲರೂ ಬೆಳೆದದ್ದನ್ನು ತಂದು ಕೊಡುತ್ತಾರೆ, ಅದನ್ನು ಏಲಂ ಹಾಕುತ್ತಾರೆ; ಕೆಲಸ ಹೋದ ವರ್ಷ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಹೆಂಡತಿ ಹಿತ್ತಿಲಿನ ಬಸಳೆಯನ್ನು ಬಾಳೆನಾರಿನಲ್ಲಿ ಕಟ್ಟಿ ತಂದಳು. ಹಲಸು, ಅಡಿಕೆ ಗೊನೆ, ಕಾಲು ಕಟ್ಟಿದ ಕೋಳಿಗಳ ನಡುವೆ ಒಂದು ಸೂಡಿ ಬಸಳೆ. ನನಗೆ ನೆಲ ಬಿರಿಯಬಾರದೇ ಎನಿಸಿತು. ಏಲಂ ಕೂಗುವವರು ಅದನ್ನು ಎತ್ತಿ ಹಿಡಿದು ಇಪ್ಪತ್ತು ರೂಪಾಯಿಗೆ ಶುರು ಮಾಡಿದರು. ಹಿಂದಿನ ಸಾಲಿನ ಇಬ್ಬರು ಹಿರಿಯರಿಗೆ ಹಠ ಬಂತು. ಆರುನೂರಕ್ಕೆ ನಿಂತಿತು. ಗೆದ್ದವರು ಅದನ್ನು ತಂದು ನನ್ನ ಮಡಿಲಲ್ಲೇ ಇಟ್ಟು, "ನನಗೆ ಬಸಳೆ ಆಗುದಿಲ್ಲ ಮಾರಾಯ್ರೆ, ನಿಮ್ಮಲ್ಲಿ ಪದಾರ್ಥ ಮಾಡಿ" ಎಂದರು. ಎದ್ದು ಹೋಗಲು ಬಚ್ಚಲು ಹತ್ತಿರದಲ್ಲಿರಲಿಲ್ಲ. ತೆಗೆದುಕೊಂಡೆ.

ಮತ್ಸರ ಹೋಯಿತಾ ಎಂದು ಕೇಳಿದರೆ, ಇಲ್ಲ. ಕಳೆದ ಸಲ ಭಾವ ಹೊಸ ಕಾರು ತಂದಾಗ ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೊದಲಾಗಿದ್ದರೆ ಎರಡು ತಿಂಗಳು. ಮಗಳ ನರ್ಸಿಂಗ್ ಫೀಸಿಗೆ ಅವರು ದುಡ್ಡು ಕಳಿಸಿದಾಗ ಈ ಸಲ ವಾಪಸ್ ಮಾಡಲಿಲ್ಲ. ವಾಟ್ಸಾಪಿನಲ್ಲಿ "ಪೂರಾ ಮುಟ್ಟಿತು ಭಾವ" ಎಂದು ಬರೆದೆ. "ಎಂತ ಇದು, ಬ್ಯಾಂಕಿನ ಮೆಸೇಜಾ?" ಎಂದು ನಕ್ಕರು.

ಟ್ಯಾಂಕು ಜಗಲಿಯಿಂದ ಈಗಲೂ ಕಾಣುತ್ತದೆ. ಮೇ ತಿಂಗಳಲ್ಲಿ ನಮ್ಮ ಬಾವಿ ತಳ ಕಂಡಾಗ ಅದರಿಂದಲೇ ಒಂದು ಪೈಪ್ ಎಳೆದು ಬಸಳೆ ಚಪ್ಪರಕ್ಕೆ ಬಿಟ್ಟುಕೊಂಡೆವು. ನಾನೇ ಹೋಗಿ ಕೇಳಿದ್ದು.